ಉತ್ತರದ ಗೋಡೆಯ ನೋಟೀಸು

ಹನ್ನೊಂದು ವಾರದಿಂದ ಎಮ್ಲಿನ್ ತಪಾಸಣೆ ಪುಸ್ತಕದಲ್ಲಿ ಒಂದೇ ಮಾತು ಬರೆಯುತ್ತಿದ್ದ: 'ಉತ್ತರದ ಗೋಡೆ ಬಿರುಕು ಬಿಟ್ಟಿದೆ. ಅದರ ಕೆಳಗೆ ಕೆಲಸ ನಿಲ್ಲಿಸಬೇಕು.' ದಿನಾ ಬೆಳಿಗ್ಗೆ ಸ್ಲೇಟುಕಲ್ಲಿನ ಕ್ವಾರಿಗೆ ಇಳಿದು, ಸುತ್ತಲಿನ ಬಂಡೆಗೋಡೆಗಳನ್ನು ಹಾರೆಯಿಂದ ತಟ್ಟಿ, ಸದ್ದು ಕೇಳಿ ಬರೆಯುವುದೇ ಅವನ ಕೆಲಸ. ಗಟ್ಟಿ ಬಂಡೆ ಠಣ್ ಅನ್ನುತ್ತದೆ. ಉತ್ತರದ ಗೋಡೆ ಹಳೇ ಡಬ್ಬದ ಹಾಗೆ ಬೊದಬೊದ ಅನ್ನುತ್ತಿತ್ತು.

ಮ್ಯಾನೇಜರ್ ಹೆಫಿನ್ ಪ್ರತಿ ಸಲವೂ ಕೆಳಗೆ 'ಗಮನಿಸಲಾಗಿದೆ' ಎಂದು ಸಹಿ ಹಾಕುತ್ತಿದ್ದ. ಗಮನಿಸಿ ಏನು ಕಡಿದು ಕಟ್ಟೆ ಹಾಕಿದನೋ ದೇವರೇ ಬಲ್ಲ!

"ಒಳ್ಳೆ ಕಲ್ಲು ಬರೋದೇ ಅಲ್ಲಿಂದ ಮಾರಾಯ," ಅನ್ನುತ್ತಿದ್ದ ಹೆಫಿನ್. "ಅದನ್ನ ಮುಚ್ಚಿದ್ರೆ ಕ್ವಾರೀನೇ ಮುಚ್ಚಿದ ಹಾಗೆ. ನಿನ್ನ ತಮ್ಮನೇ ಅಲ್ಲಿ ದುಡೀತಾನೆ. ಅವನ ಹೊಟ್ಟೆ ಮೇಲೆ ಹೊಡೀತೀಯಾ?"

ತಮ್ಮ ಅಲ್ಲಿ ದುಡಿಯುತ್ತಾನೆ ಅನ್ನುವುದೇ ಎಮ್ಲಿನ್‌ನ ನಿದ್ದೆ ಕೆಡಿಸಿತ್ತು. ಆ ತಮ್ಮ ಇಥೆಲ್‌ಗೋ ಎಲ್ಲವೂ ತಮಾಷೆ.

"ಭಾನುವಾರ ಚಾಪೆಲ್‌ನಲ್ಲಿ ಪಾದ್ರಿ ಮಾತನ್ನೂ ನೀನು ಹೀಗೆ ಕಿವಿಗೊಟ್ಟು ಕೇಳಲ್ಲ ಕಣಣ್ಣ. ಬಂಡೆ ಅಷ್ಟು ಚೆನ್ನಾಗಿ ಬೋಧನೆ ಮಾಡುತ್ತಾ?"

ಕೊನೆಗೆ ಎಮ್ಲಿನ್ ಹೆಫಿನ್‌ಗೆ ಹೇಳದೆ ಸರ್ಕಾರದ ಇನ್ಸ್‌ಪೆಕ್ಟರಿಗೇ ಕಾಗದ ಹಾಕಿದ. ಮಾರ್ಚ್ ತಿಂಗಳ ಒಂದು ಗುರುವಾರ, ಊಟದ ಹೊತ್ತಿಗೆ, ಇನ್ಸ್‌ಪೆಕ್ಟರ್ ಬೆವನ್ ಬಂದಿಳಿದರು. ಆಫೀಸಿನ ಸೂರು ಸೋರುತ್ತಿದ್ದರಿಂದ ಪುಸ್ತಕಗಳನ್ನೆಲ್ಲ ಕ್ವಾರಿಯ ಅಂಚಿನಲ್ಲಿದ್ದ ಕ್ಯಾಂಟೀನಿನ ಉದ್ದ ಮೇಜಿನ ಮೇಲೆ ಹರಡಬೇಕಾಯಿತು. ಅಲ್ಲಿ ಆಗಲೇ ಇಥೆಲ್ ಮತ್ತು ಅವನ ಇಬ್ಬರು ಜೊತೆಗಾರರು ಬುತ್ತಿ ಬಿಚ್ಚಿ ಗಲಾಟೆ ಎಬ್ಬಿಸಿದ್ದರು.

"ಏಳ್ರೋ, ಗೂಡಿಗೆ ಹೋಗಿ ತಿನ್ನಿ," ಎಂದ ಎಮ್ಲಿನ್. "ಸಾಹೇಬ್ರು ನೆಮ್ಮದಿಯಾಗಿ ಓದ್ಲಿ. ಅರ್ಧ ಗಂಟೆ ಅಷ್ಟೇ."

ಗೂಡೆಂದರೆ ಬಂಡೆ ಸಿಡಿಸುವಾಗ ಆಳುಗಳು ಹೊಕ್ಕು ಕೂರುವ ಕಲ್ಲಿನ ಪುಟ್ಟ ಕೋಣೆ.

"ಸಾಹೇಬ್ರಿಗೆ ಒಲೆಯ ಬಿಸಿ, ನಮಗೆ ಚಳಿ! ಬಂಡೆ ಮೇಲಿರೋ ಪ್ರೀತೀಲಿ ಕಾಲುಭಾಗ ನಮ್ಮ ಮೇಲಿಡಣ್ಣ," ಎನ್ನುತ್ತಾ ಇಥೆಲ್ ಚಹಾದ ಕೆಟಲನ್ನೇ ಹೊತ್ತುಕೊಂಡು ಹೊರಟ.

ಬೆವನ್ ಹನ್ನೊಂದು ವಾರದ್ದನ್ನೂ ಓದಿದರು. ಆಮೇಲೆ ಪಕ್ಕದಲ್ಲಿ ನಿಂತಿದ್ದ ಹೆಫಿನ್‌ನನ್ನು ನೋಡಿದರು.

"ಇದನ್ನ ಓದಿಯೂ ಸಹಿ ಹಾಕಿದ್ರಾ?"

ಬೆವನ್ ಚೀಲದಿಂದ ನೋಟೀಸಿನ ಪುಸ್ತಕ ತೆಗೆದರು. ಉತ್ತರದ ಗೋಡೆ ಇಂದಿನಿಂದಲೇ ಬಂದ್! ಎಮ್ಲಿನ್‌ಗೆ ಕಣ್ಣು ತುಂಬಿ ಬಂತು. ಇಥೆಲ್ ಬಯ್ಯುತ್ತಾನೆ, ಬಯ್ಯಲಿ. ಬದುಕಿದ್ದರೆ ತಾನೇ ಬಯ್ಯುವುದು.

"ಈಗ ಆ ಗೋಡೆ ಕೆಳಗೆ ಯಾರೂ ಇಲ್ಲ ತಾನೆ?" ಬರೆಯುತ್ತಲೇ ಕೇಳಿದರು ಬೆವನ್.

"ಯಾರೂ ಇಲ್ಲ ಸರ್. ಎಲ್ಲ ಗೂಡಲ್ಲಿದ್ದಾರೆ."

"ಗೂಡು ಎಲ್ಲಿದೆ?"

ಎಮ್ಲಿನ್ ಥಟ್ಟನೆ ಬಾಗಿಲಿನತ್ತ ತಿರುಗಿದ. ಗೂಡು ಇದ್ದದ್ದು ಉತ್ತರದ ಗೋಡೆಯ ಬುಡದಲ್ಲಿ. ಅವನ ಅಪ್ಪನ ಕಾಲದಿಂದಲೂ ಗೂಡೆಂದರೆ ಜೀವ ಉಳಿಸುವ ಜಾಗ. ಕ್ವಾರಿಯಲ್ಲಿ ಎಲ್ಲಿ ಅಪಾಯವಿದ್ದರೂ ಅಲ್ಲಿಲ್ಲ. ಗೋಡೆಯ ಬಗ್ಗೆ ಹನ್ನೊಂದು ವಾರ ಬರೆದ ಮನುಷ್ಯನಿಗೆ ಗೂಡಿನ ತಲೆಯ ಮೇಲಿರುವುದೂ ಅದೇ ಗೋಡೆ ಅನ್ನುವುದು ಒಂದು ದಿನವೂ ಹೊಳೆದಿರಲಿಲ್ಲ. ಥೂ, ಎಲ್ಲಿ ಮೇಯಲು ಹೋಗಿತ್ತೋ ಆ ಬುದ್ಧಿ!

ಅವನು ಎದ್ದುಬಿದ್ದು ಓಡಿದ. ಕ್ವಾರಿಯ ಅಂಚಿನಿಂದ ಬಗ್ಗಿ ನೋಡಿದರೆ ಇನ್ನೂರು ಅಡಿ ಕೆಳಗೆ, ಗೂಡಿನ ಬಾಗಿಲಲ್ಲಿ ಮೂವರೂ ಕೂತಿದ್ದರು. ಅವರ ತಲೆಯ ಮೇಲೆ, ಉತ್ತರದ ಗೋಡೆಯ ನೆತ್ತಿಯಿಂದ ಕಲ್ಲಿನ ಚೂರುಗಳು ಉದುರತೊಡಗಿದ್ದವು. ಎಮ್ಲಿನ್ ಗಂಟಲು ಹರಿಯುವಂತೆ ಕೂಗಿದ. ಗಾಳಿಗೆ ಅದು ಕೆಳಗೆ ಮುಟ್ಟಲಿಲ್ಲ. ಪಕ್ಕದಲ್ಲೇ ಸೈರನ್ ಇತ್ತು. ಹಿಡಿಯನ್ನು ಜಗ್ಗಿದ.

ಇಥೆಲ್ ತಲೆ ಎತ್ತಿ ಅಣ್ಣನನ್ನು ನೋಡಿದ. ಕೂಡಲೇ ಎದ್ದು, ಜೊತೆಗಾರರಿಬ್ಬರನ್ನೂ ಒಳಕ್ಕೆ ದಬ್ಬಿದ. ಸೈರನ್ ಆದರೆ ಮದ್ದು ಸಿಡಿಯುತ್ತದೆ, ಗೂಡು ಹೊಕ್ಕು ಬಾಗಿಲು ಹಾಕಿಕೋ, ಎರಡನೇ ಸೈರನ್ ಆಗುವವರೆಗೆ ಏನೇ ಆದರೂ ಹೊರಗೆ ಬರಬೇಡ. ಹದಿನಾರರ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿದ ತಮ್ಮನಿಗೆ ಇದನ್ನು ಬಾಯಿಪಾಠ ಮಾಡಿಸಿದವನೇ ಎಮ್ಲಿನ್.

"ಬೇಡ್ವೋ! ಹೊರಗೆ ಬಾರೋ!"

ಒಳಗಿದ್ದೇವೆ, ಹೆದರಬೇಡ ಅನ್ನುವಂತೆ ಇಥೆಲ್ ಮೇಲಕ್ಕೆ ಕೈ ಬೀಸಿದ. ಬಾಗಿಲು ಹಾಕಿಕೊಂಡ.

ಎಮ್ಲಿನ್ ಎರಡನೇ ಸಲ ಹಿಡಿ ಜಗ್ಗಿದ. ಸೈರನ್ನಿನ ಸದ್ದು ಏಳುವಷ್ಟರಲ್ಲಿ ಉತ್ತರದ ಗೋಡೆ ಇಡಿಯಾಗಿ ಕೆಳಗಿಳಿಯಿತು.

ಧೂಳು ಕೂರಲು ಬಹಳ ಹೊತ್ತು ಹಿಡಿಯಿತು. ಬೆವನ್ ಬಂದು ಅವನ ಬೆರಳುಗಳನ್ನು ಹಿಡಿಯಿಂದ ಬಿಡಿಸಲು ನೋಡಿದರು.

"ಬಿಡಿ ಸರ್, ಕೂಗ್ತಿರ್ಲಿ," ಎಂದ ಎಮ್ಲಿನ್. "ಇದು ಕೇಳಿದ್ರೆ ಬರ್ತಾನೆ. ನಾನು ಹೇಳಿದ ಮಾತು ಮೀರೋನಲ್ಲ ಅವನು."