ಎಸಳಲ್ಲಿ ಎದ್ದ ಗಡಿಯಾರದ ಗೋಪುರ

ಬಾವಿಗೆ ಹೂವುಡಿಸುವ ವಾರ ಬಂತೆಂದರೆ ಆಶ್ಲೋ ಊರಿನ ಹೆಂಗಸರಿಗೆ ಮನೆಯ ನೆನಪೇ ಇರುವುದಿಲ್ಲ. ಎಲ್ಲರೂ ಚರ್ಚಿನ ಮಗ್ಗುಲ ಕೊಟ್ಟಿಗೆಯಲ್ಲಿ ಸೇರುತ್ತಾರೆ. ಉಪ್ಪು ಬೆರೆಸಿ ತುಳಿದ ಜೇಡಿಯನ್ನು ದೊಡ್ಡ ಹಲಗೆಗೆ ಮೆತ್ತಿ, ಅದರ ಮೇಲೆ ಒಂದೊಂದೇ ಎಸಳು, ಕಲ್ಲುಹೂವು, ಕಾಫಿ ಬೀಜ ಒತ್ತಿ ಚಿತ್ರ ಬಿಡಿಸಿ, ಬಾವಿಯ ಮುಂದೆ ನಿಲ್ಲಿಸುತ್ತಾರೆ. ಯಾವುದೋ ಬರದ ವರ್ಷ ಸುತ್ತಲ ಊರುಗಳ ನೀರು ಬತ್ತಿದಾಗಲೂ ಈ ಬಾವಿ ಕೈಬಿಡಲಿಲ್ಲವಂತೆ. ಆ ಋಣಕ್ಕೆ ಇದು ದೇವರಿಗೆ ಒಪ್ಪಿಸುವ ಹೂವು.

ಈ ಸಲ ಊರಿನದೇ ಚಿತ್ರ. ಹೊರೆಗುದುರೆಗಳು ದಾಟುತ್ತಿದ್ದ ಕಲ್ಲುಸೇತುವೆ, ಹತ್ತಿ ಗಿರಣಿಯ ಚಿಮಣಿ, ಚರ್ಚಿನ ಶಿಖರ, ಎಲ್ಲದರ ನಡುವೆ ಗಡಿಯಾರದ ಗೋಪುರವಿದ್ದ ಮಾರುಕಟ್ಟೆ ಭವನ. ಉಳಿದವೆಲ್ಲ ಇಂದಿಗೂ ನಿಂತಿವೆ. ಭವನವನ್ನು ಮಾತ್ರ ಕೆಡವಿ ಹದಿನೇಳು ವರ್ಷವಾಯಿತು. ಅಲ್ಲೀಗ ಬಸ್ಸು ನಿಲ್ಲುತ್ತದೆ.

ಹಲಗೆಯ ಮೇಲೆ ಅದನ್ನು ತಾನೊಬ್ಬಳೇ ಎಬ್ಬಿಸುತ್ತೇನೆಂದು ಹೆಸ್ಟರ್ ಹಟ ಹಿಡಿದಿದ್ದಳು. ಭವನದ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದವನು ಅವಳ ಅಪ್ಪ. ಹುಡುಗಿಯಾಗಿದ್ದಾಗ ತಂಗಿ ವಿನ್ನಿಯ ಜೊತೆ ಅಪ್ಪನಿಗೆ ಚಹಾ ಹೊತ್ತು ಮೆಟ್ಟಿಲೇರಿದರೆ, ಮೇಲೆ ಎಣ್ಣೆಯ ವಾಸನೆ, ಪಾರಿವಾಳಗಳ ಗುಟುರು. ಕೆಳಗೆ ಬೆಣ್ಣೆ, ಚೀಸು ಮಾರುವವರ ಕೂಗು. ಅಪ್ಪ ಚಕ್ರಗಳನ್ನು ಒರೆಸುತ್ತ ಪ್ರಾರ್ಥನಾ ಗೀತೆ ಗುನುಗುತ್ತಿದ್ದ, ಲೋಲಕ ತಾಳ ಹಾಕುತ್ತಿತ್ತು.

ಕೆಡವಬೇಕೆಂದು ಪುರಸಭೆಯಲ್ಲಿ ಕೈಯೆತ್ತಿದವರಲ್ಲಿ ವಿನ್ನಿಯ ಗಂಡ ಕ್ಲಾರೆನ್ಸ್ ಒಬ್ಬ. ಅಂದಿನಿಂದ ಅಕ್ಕತಂಗಿಯರಿಗೆ ಮಾತಿಲ್ಲ. ಕ್ಲಾರೆನ್ಸ್ ತೀರಿಕೊಂಡಾಗಲೂ ಹೆಸ್ಟರ್ ಹೋಗಿ ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತು, ಹಾಗೇ ಎದ್ದು ಬಂದಿದ್ದಳು.

ಎಸಳನ್ನು ಕೆಳಗಿನಿಂದ ಮೇಲಕ್ಕೆ ಹೆಂಚು ಹೊದಿಸಿದಂತೆ ಒತ್ತಬೇಕು; ಆಗಲೇ ಮಳೆಯ ನೀರು ಜಾರಿಹೋಗುವುದು. ಹೆಸ್ಟರಳ ಬೆರಳುಗಳಿಗೀಗ ವಯಸ್ಸಿನ ನಡುಕ. ಒಂದೆಸಳು ಒತ್ತಿದರೆ ಎರಡು ಕಿತ್ತು ಬರುತ್ತಿದ್ದವು. ಮರುದಿನ ಬೆಳಿಗ್ಗೆ ಪಾದ್ರಿ ಬಂದು ಬಾವಿಯನ್ನು ಹರಸಬೇಕು. ಮಧ್ಯಾಹ್ನ ಇಳಿದರೂ ಕಲ್ಲುಹೂವಿನಿಂದ ಎಬ್ಬಿಸುತ್ತಿದ್ದ ಭವನದ ಗೋಡೆ ಅರ್ಧಕ್ಕೇ ನಿಂತಿತ್ತು. ಮೇಲೆ ಬರೀ ಜೇಡಿ, ಅದೂ ಒಣಗುತ್ತಿತ್ತು. ಹಾಗೇ ಬಿಟ್ಟರೆ ಊರವರ ಕಣ್ಣೆದುರು ಭವನ ಎರಡನೇ ಸಲ ಇಲ್ಲವಾಗುತ್ತಿತ್ತು.

ಬಡಗಿ ಎರ್ನಿ ಹಲಗೆಗೆ ನೀರು ಚಿಮುಕಿಸುತ್ತ, ಆ ಭವನ ಕೆಡವೋಕೆ ಎರಡೇ ದಿನ ಹಿಡೀತು, ನೀನು ಕಟ್ಟೋದ್ರೊಳಗೆ ಕ್ರಿಸ್‌ಮಸ್ ಬರುತ್ತೆ ಎಂದು ಕಾಲೆಳೆದ. ಪಾದ್ರಿಯ ಹೆಂಡತಿ ಬೇರೆ ಯಾರಾದರೂ ಕೈಜೋಡಿಸಲಿ ಎಂದು ಮೆಲ್ಲಗೆ ಹೇಳಿದಳು. ಹೆಸ್ಟರ್ ಬೇಡವೆಂದಳು.

ಆಗ ವಿನ್ನಿ ಯಾರನ್ನೂ ಕೇಳದೆ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದು ಕೂತಳು.

"ಸ್ವಲ್ಪ ಆಚೆ ಸರಿಯೇ ಅಕ್ಕ. ಬೈಯೋದಿದ್ರೆ ಬೈತಾ ಇರು, ಜೇಡಿ ಕಾಯಲ್ಲ."

ಹೆಸ್ಟರ್ ಬೈಯಲಿಲ್ಲ, ಸರಿಯಲೂ ಇಲ್ಲ. ವಿನ್ನಿ ಅವಳ ತೋಳಿನ ಮೇಲಿಂದಲೇ ಕೈ ಚಾಚಿ ಒತ್ತತೊಡಗಿದಳು. ಗೋಡೆ ಮೇಲೇರಿತು. ಬಿಳಿ ಎಸಳಿನ ಗಡಿಯಾರದ ಕೆಳಗೆ, ಮುಳ್ಳು ಸರಿಪಡಿಸಲು ಅಪ್ಪ ಹೊರಗಿಣುಕುತ್ತಿದ್ದ ಪುಟ್ಟ ಬಾಗಿಲು. ವಿನ್ನಿ ಅಲ್ಲಿ ಕಪ್ಪು ಪ್ಯಾನ್ಸಿಯ ಎಸಳುಗಳನ್ನಿಟ್ಟಳು; ಬಾಗಿಲು ತೆರೆದಂತೆ ಕಂಡಿತು.

"ಅದೇನದು? ಫೋಟೋದಲ್ಲಿ ಬಾಗಿಲು ಮುಚ್ಚಿದೆ," ಎಂದಳು ಹೆಸ್ಟರ್, ಹಲಗೆಯ ಪಕ್ಕದಲ್ಲಿಟ್ಟ ಭವನದ ಹಳೆಯ ಫೋಟೋ ತೋರಿಸಿ.

"ನಾನು ಕಡೇ ಸಲ ನೋಡಿದಾಗ ತೆರೆದಿತ್ತು."

ಹೆಸ್ಟರ್ ತಿರುಗಿ ನೋಡಿದಳು. ಕೆಡವತೊಡಗಿದ ದಿನ ಅವಳು ಪರದೆ ಎಳೆದು ಮನೆಯಲ್ಲೇ ಕೂತಿದ್ದಳು. ವಿನ್ನಿ ಎಸಳಿನಿಂದ ಕಣ್ಣೆತ್ತದೆ ಹೇಳಿದಳು. ಚೀಸು ತರುತ್ತೇನೆಂದು ಕ್ಲಾರೆನ್ಸ್‌ಗೆ ಸುಳ್ಳು ಹೇಳಿ ಹೋಗಿ ಬೀದಿಯಲ್ಲಿ ನಿಂತಿದ್ದಳಂತೆ.

"ಪಾರಿವಾಳ ಓಡಿಸೋಕೆ ಅಂತ ಮೊದಲು ಆ ಬಾಗಿಲು ತೆಗೆದ್ರು. ಒಳಗೆ ಅಪ್ಪನ ಕೋಟು ಇನ್ನೂ ಮೊಳೇಲಿ ನೇತಾಡ್ತಿತ್ತು."

"ಇಷ್ಟು ವರ್ಷ ಯಾಕೇ ಹೇಳಲಿಲ್ಲ?"

"ಅವತ್ತು ಸಂಜೆನೇ ಬಂದಿದ್ದೆ. ನೀನು ಬಾಗಿಲು ತೆಗೀಲಿಲ್ಲ."

ಕೊಟ್ಟಿಗೆಯ ಆ ತುದಿಯಲ್ಲಿ ಹೆಂಗಸರು ಏನಕ್ಕೋ ನಗುತ್ತಿದ್ದರು. ಹೆಸ್ಟರ್ ಹೂವಿನ ತಟ್ಟೆಯನ್ನು ಮಡಿಲಿಗೆಳೆದುಕೊಂಡಳು. ಬಾಡಿದವನ್ನು ಬಿಸುಟು, ಒಳ್ಳೆಯ ಎಸಳನ್ನಾರಿಸಿ ಒಂದೊಂದಾಗಿ ತಂಗಿಯ ಅಂಗೈಗಿಡುತ್ತ ಬಂದಳು. ಹೀಗೇ ಚಾವಣಿಯೂ ಮುಗಿಯಿತು.

"ಕೋಟು ಕಂದು ಬಣ್ಣದ್ದಲ್ವೇನೇ?" ಎಂದಳು ಹೆಸ್ಟರ್ ಕೊನೆಗೆ.

"ಕಂದೇ. ಮೊಣಕೈ ಹತ್ರ ಸವೆದಿತ್ತು."

ಹೆಸ್ಟರ್ ಒಂದು ಕಂದು ಕಾಫಿ ಬೀಜವನ್ನು ಹುಡುಕಿ ತೆಗೆದು ಆ ಕಪ್ಪು ಬಾಗಿಲಿನೊಳಗೆ ಒಯ್ದಳು. ಬೆರಳು ನಡುಗಿತು. ವಿನ್ನಿ ಅವಳ ಮಣಿಕಟ್ಟನ್ನು ಹಿಡಿದಳು, ಬೀಜ ಜೇಡಿಯಲ್ಲಿ ನೆಟ್ಟಗೆ ಕೂತಿತು.