ಕರೀ ಕಾರು, ಎರಡು ಬಕೆಟ್ ನೀರು

ಸತತ ಎರಡು ವರ್ಷ ಮಳೆ ಕೈಕೊಟ್ಟ ಆ ಬೇಸಿಗೆಯಲ್ಲಿ ಬೀದರಿನ ಮಂದಿಗೆ ಕುಡಿಯುವ ನೀರಿಗೇ ತತ್ವಾರ. ಅಂಥದ್ದರಲ್ಲಿ ಕಾರು ತೊಳೆಯುವ ಅಂಗಡಿ ನಡೆಸುತ್ತೇನೆ ಅನ್ನುವವನಿಗೆ ಗುಂಡಿಗೆ ಬೇಕು. ಭಾಲ್ಕಿ ರಸ್ತೆಯ ವಾಷಿಂಗ್ ಸೆಂಟರಿನ ಮಾಲೀಕ ಮುನೀರೋದ್ದೀನನಿಗೆ ಗುಂಡಿಗೆ ಇತ್ತು, ನೀರು ಇರಲಿಲ್ಲ. ಬೋರು ಕೆಮ್ಮಿ ಕೆಮ್ಮಿ ಕೊಡುವ ನೀರಿನಲ್ಲಿ ದಿನಕ್ಕೆ ನಾಲ್ಕು ಕಾರು ತೊಳೆದರೆ ತೊಟ್ಟಿಯ ತಳ ಕಾಣುತ್ತಿತ್ತು.

ಹೀಗಾಗಿ ಆ ರವಿವಾರ ಬೆಳಿಗ್ಗೆ ಅವನು ಭೀಮಬಾಯಿಯನ್ನು ಕರೆದು ಹೇಳಿಬಿಟ್ಟ. "ನಾಳಿಂದ ಒಬ್ಬರಿಗಷ್ಟೇ ಕೆಲಸ ಅದ ಬಾಯಿ. ದತ್ತಾತ್ರಿ ಇರ್ತಾನ. ನೀ ಬರಬ್ಯಾಡ."

ಔರಾದ ಕಡೆಯ ಕುರಿಗಾರರ ಮನೆಯ ಹೆಂಗಸು ಅವಳು. ಹುಲ್ಲಿಲ್ಲದೆ ಗಂಡ ಹಣಮಂತಪ್ಪ ಕುರಿ ಹೊಡೆದುಕೊಂಡು ತೆಲಂಗಾಣದ ಕಡೆ ಹೋಗಿದ್ದ. ಇವಳು ತಂಗಿಯ ಮನೆಯಲ್ಲಿದ್ದುಕೊಂಡು ಎರಡು ತಿಂಗಳಿಂದ ಇಲ್ಲಿ ಕಾರಿನ ಮ್ಯಾಟು ಉಜ್ಜುತ್ತಿದ್ದಳು. ಮಳೆ ಬೀಳುವ ತನಕ ಈ ಕೆಲಸ ಹಿಡಿದಿಟ್ಟುಕೊಳ್ಳಬೇಕಿತ್ತು. ಊರಿಗೆ ಹೋದರೆ ಹೊಲದಲ್ಲಿ ಕಲ್ಲು ಬಿಟ್ಟರೆ ಏನೂ ಇರಲಿಲ್ಲ.

ಕಾರು ತೊಳೆಯುವುದು, ಒರೆಸುವುದು ದತ್ತಾತ್ರಿಯ ಪಾಲು. ನಲವತ್ತು ದಾಟಿದ ಈ ಮಹಾಶಯ ತನ್ನನ್ನು ತಾನೇ ಉಸ್ತಾದ ಎಂದು ಕರೆದುಕೊಳ್ಳುತ್ತಿದ್ದ. ಮಾಲೀಕ ಹೈದರಾಬಾದಿನಿಂದ ಕಾರು ಒರೆಸಲೆಂದೇ ಕುರಿಯ ಮೆದು ಚರ್ಮ ತರಿಸಿಕೊಟ್ಟರೆ, ಉಸ್ತಾದ ಅದನ್ನು ಒಂದು ದಿನ ಬಳಸಿ ತಗಡಿನ ಮೇಲೆ ಬಿಸಿಲಿಗೆ ಹಾಕಿದ. ಸಂಜೆಗೆ ಅದು ಹಪ್ಪಳವಾಗಿತ್ತು. "ಡುಪ್ಲಿಕೇಟ್ ಮಾಲು" ಎಂದು ಮೂಲೆಗೆ ಎಸೆದು ಗಾಳಿ ಊದುವ ಮಷೀನು ಹಿಡಿದ.

ಬೆಳಗಾಗುತ್ತಲೇ ಮೂರು ಕಾರು ತೊಳೆದಾಗಿತ್ತು. ಒಂಬತ್ತಕ್ಕೆ ಒಂದು ಕರೀ ಕಾರು ಬಂತು. ನಿವೃತ್ತ ಹೆಡ್‌ಮಾಸ್ತರ ಕಾಶೀರಾಮರದು. ಅವರ ಮಗನ ಮದುವೆ ಅವತ್ತೇ, ಭಾಲ್ಕಿಯ ಬುದ್ಧವಿಹಾರದಲ್ಲಿ. ಮದುಮಗ ಕೂರುವ ಗಾಡಿ ಅದು.

ದತ್ತಾತ್ರಿ ಅದನ್ನು ಉರಿಬಿಸಿಲಲ್ಲೇ ನಿಲ್ಲಿಸಿ ತೊಳೆದ, ಮಷೀನು ಹಚ್ಚಿದ. ದೊಡ್ಡ ಹನಿಗಳು ಹಾರಿಹೋದವು, ಸಣ್ಣವು ಅಲ್ಲೇ ಕೂತು ಒಣಗಿದವು. ಬೋರಿನ ಉಪ್ಪು ನೀರು ಬಿಡುತ್ತದೆಯೇ? ಕಾರಿನ ತುಂಬ ಬಿಳಿ ಚುಕ್ಕೆ ಎದ್ದವು. ಗಾಬರಿಯಾಗಿ ಒಣ ಟವೆಲ್ಲಿನಿಂದ ತಿಕ್ಕಿದ, ಚುಕ್ಕೆಗಳು ಪಟ್ಟೆಗಳಾದವು.

"ಏನಪಾ ಇದು, ಗಾಡಿಗಿ ಸಿಡುಬು ಎದ್ದಂಗ ಕಾಣ್ತದ!" ಎಂದರು ಕಾಶೀರಾಮರು. "ಹನ್ನೆರಡಕ್ಕ ನಾ ಭಾಲ್ಕಿ ಮುಟ್ಟಬೇಕು."

"ನೀರೇ ಖರಾಬ ಅದರೀ ಸರ್, ನಾ ಏನ ಮಾಡ್ಲಿ?" ಎಂದ ದತ್ತಾತ್ರಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮುನೀರೋದ್ದೀನ ತೊಟ್ಟಿಗೆ ಇಣುಕಿದ. ಇನ್ನು ಎರಡು ಬಕೆಟ್ ನೀರಿರಬಹುದು, ಅಷ್ಟೇ. ತಲೆಯ ಮೇಲೆ ಕೈಹೊತ್ತು ನಿಂತ.

"ಸಾಹೇಬ್ರ, ಆ ಎರಡು ಬಕೆಟ್ ನನಗ ಕೊಡ್ರಿ" ಎಂದಳು ಭೀಮಬಾಯಿ. "ನಾ ಮಾಡ್ತೇನಿ."

"ಮ್ಯಾಟ್ ಅಲ್ಲವ್ವಾ ಅದು, ಕಾರು!" ದತ್ತಾತ್ರಿ ನಕ್ಕ.

"ಗೊತ್ತದ. ಒಂದು ಚುಕ್ಕಿ ಉಳದ್ರ ಇವತ್ತಿನ ಪಗಾರನೂ ಕೇಳಂಗಿಲ್ಲ."

ಅವಳು ಮೂಲೆಯ ಹಪ್ಪಳವನ್ನು ಎತ್ತಿಕೊಂಡು ಬಂದಳು. ಚರ್ಮದ ವಿಷಯ ಕುರಿಗಾರರ ಮನೆಯವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಅವಳ ಅಪ್ಪನ ಹತ್ತಿರ ನೀರು ಒಯ್ಯುವ ಚರ್ಮದ ಚೀಲವಿತ್ತು. ಒಣಗಿದರೆ ಹಲಗೆ, ನೆನೆಸಿ ನಾದಿದರೆ ಮತ್ತೆ ಮೆದು. ಒಂದು ಚೊಂಬು ನೀರಲ್ಲಿ ನೆನೆಸಿಟ್ಟಳು. ಅಷ್ಟರಲ್ಲಿ ಕಾರನ್ನು ಬೇವಿನ ನೆರಳಿಗೆ ತಳ್ಳಿಸಿ, ತಗಡು ತಣ್ಣಗಾಗುವ ತನಕ ಯಾರನ್ನೂ ಮುಟ್ಟಗೊಡಲಿಲ್ಲ. ಕಾಶೀರಾಮರು ಗಡಿಯಾರ ನೋಡಿದರು. ಅವಳು ನೋಡಲಿಲ್ಲ.

ಆಮೇಲೆ ಚರ್ಮವನ್ನು ಹಿಟ್ಟಿನಂತೆ ನಾದಿ, ಕಸುವು ಹಾಕಿ ಹಿಂಡಿದಳು.

"ಒದ್ದೀ ಚರ್ಮದಿಂದ ಕಾರು ಒಣಗಸ್ತಾಳಂತ!" ಎಂದ ದತ್ತಾತ್ರಿ.

ಅವಳು ಇಡೀ ಕಾರನ್ನು ಒಮ್ಮೆಲೇ ತೋಯಿಸಲಿಲ್ಲ. ಮೊದಲು ಟಾಪಿನ ಅರ್ಧ ಭಾಗಕ್ಕೆ ಹಸಿ ಬಟ್ಟೆ ಹಾಯಿಸಿ ಕಲೆ ಕರಗಿಸಿದಳು. ಕೂಡಲೇ ಚರ್ಮವನ್ನು ಅಗಲವಾಗಿ ಹಾಸಿ, ಎರಡು ತುದಿ ಹಿಡಿದು ತನ್ನತ್ತ ಮೆಲ್ಲಗೆ ಎಳೆದಳು. ತಿಕ್ಕುವುದಿಲ್ಲ, ಬರೀ ಎಳೆಯುವುದು. ಚರ್ಮ ನೀರನ್ನೆಲ್ಲ ಕುಡಿಯಿತು. ಹಿಂಡಿದಳು, ಮತ್ತೆ ಹಾಸಿದಳು. ಟಾಪು, ಗಾಜು, ಬಾನೆಟ್ಟು, ಕೊನೆಗೆ ಬಾಗಿಲು. ಒಂದು ಭಾಗ ಒಣಗಿದ ಮೇಲೆಯೇ ಮುಂದಿನ ಭಾಗಕ್ಕೆ ನೀರು. ಹಿಂದಿನ ಗಾಜಿನ ಮೇಲಿದ್ದ 'ಜೈ ಭೀಮ್' ಎಂಬ ನೀಲಿ ಅಕ್ಷರಗಳ ಅಂಚಿಗೆ, ಬಾಗಿಲ ಸಂದಿಗೆ ಹಳೇ ಧೋತರದ ತುಂಡು.

ಹತ್ತೂಮುಕ್ಕಾಲಿಗೆ ಕಾಶೀರಾಮರು ಬಾನೆಟ್ಟಿನ ಮೇಲೆ ಬಗ್ಗಿ ತಮ್ಮ ಮುಖ ನೋಡಿಕೊಂಡು ಮೀಸೆ ತಿದ್ದಿದರು. ಚುಕ್ಕೆ ಹುಡುಕಲು ಕನ್ನಡಕ ಹಾಕಿಕೊಂಡರು, ಸಿಗಲಿಲ್ಲ. "ತಂಗಿ, ಊಟಕ್ಕ ಬಾ ಮತ್ತ" ಎಂದು ಹೇಳಿ ಗಾಡಿ ಬಿಟ್ಟರು.

ಬಕೆಟ್ಟಿನಲ್ಲಿ ಇನ್ನೂ ನಾಲ್ಕು ಬೆರಳು ನೀರಿತ್ತು.

ಮುನೀರೋದ್ದೀನ ಅದನ್ನೇ ನೋಡುತ್ತ, "ನಾಳಿಂದ ನೀನೇ ಬಾ ಭೀಮಬಾಯಿ" ಎಂದ. ಆಮೇಲೆ ದತ್ತಾತ್ರಿಯ ಕಡೆ ತಿರುಗಿ, "ನೀ ಬೇರೆ ಕಡಿ ನೋಡಕೋಪಾ" ಎಂದ.

ದತ್ತಾತ್ರಿ ಮಷೀನಿನ ವೈರು ಸುತ್ತುತ್ತಿದ್ದವನು ಹಾಗೇ ನಿಂತುಬಿಟ್ಟ. ಭೀಮಬಾಯಿಗೆ ಒಂದು ಗಳಿಗೆ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಬೇಕು. ಆದರೆ ಅವನ ಮುಖ ನೋಡಿದಾಗ, ಬೆಳಿಗ್ಗೆ 'ಬರಬ್ಯಾಡ' ಅನ್ನಿಸಿಕೊಂಡ ತನ್ನ ಮುಖವೂ ಹೀಗೇ ಇದ್ದಿರಬೇಕು ಅನ್ನಿಸಿತು.

"ಒಬ್ಬಾಕಿ ಕೈಲಿ ಆಗಂಗಿಲ್ರಿ ಸಾಹೇಬ್ರ" ಎಂದಳು. "ಒಂದು ಕಾರಿಗಿ ಎಂಟು ಬಕೆಟ್ ಸುರೀತಿದ್ರಿ. ಎರಡ್ರಾಗ ಮುಗೀತು. ನಾಲ್ಕು ಕಾರಿನ ನೀರಾಗ ದಿನಕ್ಕ ಹದಿನಾರು ಕಾರ್ ಆಗ್ತಾವ. ಮಳೀ ಇಲ್ಲ, ಕೆಸರೆಲ್ಲಿ? ಬರೇ ಧೂಳು. ಹದಿನಾರು ಕಾರಿಗಿ ಇಬ್ಬರು ಬೇಕ್ರಿ."

ಮುನೀರೋದ್ದೀನ ಬೆರಳು ಮಡಚಿ ಲೆಕ್ಕ ಹಾಕಿದ. ಇನ್ನೊಮ್ಮೆ ಹಾಕಿದ. "ಯಾ ಅಲ್ಲಾ" ಎಂದು ನಕ್ಕುಬಿಟ್ಟ. "ಇಬ್ಬರೂ ಬರ್ರಿ."

ದತ್ತಾತ್ರಿ ಸುತ್ತಿದ ವೈರನ್ನು ಮತ್ತೆ ಗೋಡೆಗೆ ತೂಗುಹಾಕಿದ. ಭೀಮಬಾಯಿ ಒದ್ದೆ ಚರ್ಮವನ್ನು ಅವನ ಕೈಗಿಟ್ಟಳು.

"ಹಿಡಿ. ಬಿಸಲಿಗಿ ಹಾಕಬ್ಯಾಡ, ನೆರಳಾಗ ಹಾಕು" ಎಂದಳು. "ಮತ್ತ ನಾಳಿಂದ ಮ್ಯಾಟ್ ನೀ ಉಜ್ಜಬೇಕು."