ಜಬ್ಬಾರನ ಕೊನೇ ಚೆಂಡು

"ನಿಧಾನ ಮಾಮ, ನಿಧಾನ! ಹಿಂದಿನವ್ರು ಓಡ್ಬೇಕಾಯ್ತದೆ," ಎಂದು ಮುನ್ನಾ ಹಿಂದಿನಿಂದ ಕೂಗಿದ.

ಮುನ್ನಾನ ಅಪ್ಪ ಅಬ್ದುಲ್ ಜಬ್ಬಾರನ ಶವ ಹೊತ್ತ ಜನಾಜಾಕ್ಕೆ ಮುಂದಿನ ಹೆಗಲು ಕೊಟ್ಟಿದ್ದ ಪುಟ್ಟಮಲ್ಲಪ್ಪ ಎಂದಿನಂತೆ ದಾಪುಗಾಲು ಹಾಕುತ್ತಿದ್ದ. ಭೀಮನಬೀಡಿನ ಈ ಈರುಳ್ಳಿ ರೈತನಿಗೆ ಹುಟ್ಟಿದಾಗಿನಿಂದಲೂ ಆತುರ. ನಾಚಿ ಹೆಜ್ಜೆ ಸಣ್ಣದು ಮಾಡಿದ. ಗುಂಡ್ಲುಪೇಟೆಯ ಹೆದ್ದಾರಿಯಲ್ಲಿ ಊಟಿ ಕಡೆಯ ಲಾರಿಗಳು ಬದಿಗೆ ನಿಂತವು. ಡ್ರೈವರುಗಳು ಇಳಿದು ಓಡಿ ಬಂದು ಹೆಗಲು ಕೊಟ್ಟರು. ಲಾರಿ ಓಡಿಸಿಕೊಂಡಿದ್ದವನಿಗೆ ಅದೆಷ್ಟು ಜನ! ಮಂತ್ರಿ ಸತ್ತರೂ ಇಷ್ಟು ಮಂದಿ ಮನಸಾರೆ ಬರುವುದಿಲ್ಲ.

ಗೋರಿಯ ಬಳಿ ಎಲ್ಲರೂ ಒಂದೊಂದಾಗಿ ಮೂರು ಹಿಡಿ ಮಣ್ಣು ಹಾಕುತ್ತಿದ್ದರೆ, ಮಲ್ಲಪ್ಪ ಮೂರನ್ನೂ ಒಂದೇ ಬೊಗಸೆಯಲ್ಲಿ ಸುರಿದುಬಿಟ್ಟ.

"ಇಲ್ಲೂ ಆತುರಾನಾ ಮಾಮ?" ಮುನ್ನಾ ಅಳುತ್ತಲೇ ನಕ್ಕ.

*

ಜಬ್ಬಾರ್ ಮಲ್ಲಪ್ಪನ ಈರುಳ್ಳಿಯನ್ನು ಊಟಿಗೆ ಸಾಗಿಸುತ್ತಿದ್ದ. ಲೋಡು ಇಳಿಯುವ ತನಕ ಅಲ್ಲಿನ ಗಾಲ್ಫ್ ಮೈದಾನದ ಬೇಲಿ ಹಿಡಿದು ನಿಲ್ಲುವುದು ಅವನ ಚಟ. ಒಂದು ಸಲ ಯಾರೋ ಆಟಗಾರರು ಕೊಟ್ಟರೆಂದು ಹಳೇ ಕೋಲು, ಒಂದು ಚೀಲ ಗೀರುಬಿದ್ದ ಚೆಂಡು ತಂದ. ಅಂದಿನಿಂದ ಮಲ್ಲಪ್ಪನ ಹೊಲದಂಚಿನ ಹಳ್ಳವೇ ಇಬ್ಬರ ಮೈದಾನವಾಯಿತು. ಈ ದಡದಿಂದ ಹೊಡೆದರೆ ಆ ದಡದ ಹುಣಸೆಮರದ ಬುಡಕ್ಕೆ ಬೀಳಬೇಕು. ತಪ್ಪಿದರೆ ಹಳ್ಳದ ಲಂಟಾನ ಪೊದೆ ನುಂಗಿತೆಂದೇ ಲೆಕ್ಕ.

ಜಬ್ಬಾರನದು ಪ್ರತಿ ಹೊಡೆತಕ್ಕೂ ಒಂದೇ ಕ್ರಮ. ಚೆಂಡಿನ ಹಿಂದೆ ನಿಂತು ಹುಣಸೆಮರ ನೋಡುವನು. ಕೋಲಿನ ಮೂತಿಯನ್ನು ಲುಂಗಿಗೆ ಒರೆಸುವನು. ಒಮ್ಮೆ ಬರಿಗಾಳಿಗೆ ಬೀಸಿ, ಉಸಿರು ಬಿಟ್ಟು, 'ಬಿಸ್ಮಿಲ್ಲಾ' ಎಂದ ಮೇಲೆಯೇ ಹೊಡೆತ. ಲಾರಿ ಹೊರಡಿಸುವಾಗಲೂ ಹಾಗೇ, ಟೈರು ತಟ್ಟದೆ, ಕನ್ನಡಿ ಒರೆಸದೆ ಕೀಲಿ ತಿರುಗಿಸಿದವನಲ್ಲ. ಬಂಡೀಪುರದ ಕಾಡು, ಘಾಟಿಯ ತಿರುವುಗಳಲ್ಲಿ ಒಂದು ಕೋಳಿಯನ್ನೂ ಕೊಂದವನಲ್ಲ.

"ಅದೇನ್ಲಾ ನಿಂದು? ಚೆಂಡ್ಗೆ ಮಂಗಳಾರ್ತಿ ಒಂದು ಎತ್ಬುಡು ಅತ್ಲಾಗೆ!" ಎಂದು ಮಲ್ಲಪ್ಪ ಅಣಕಿಸುತ್ತಿದ್ದ.

"ನಗು, ನಗು. ನೀನು ಕೋಲು ತಾಗೋಕ್ ಮುಂಚೇನೆ ತಲೆ ಎತ್ತೀಯೆ ಕಣ್ಲಾ ಮಲ್ಲ. ಚೆಂಡು ಎಲ್ಲೋಯ್ತು ಅಂತ ನೋಡೋ ಆಸೆ ನಿಂಗೆ. ಓದ್ರೆ ಓಗ್ಲಿ ಬುಡು. ತಲೆ ಬಗ್ಸಿರು."

ಮಲ್ಲಪ್ಪ ಕೇಳಿದ್ದರೆ ತಾನೆ? ವರ್ಷಗಟ್ಟಲೆ ಹೊಡೆದ, ಒಂದೇ ಒಂದು ದಾಟಲಿಲ್ಲ. ಚೀಲ ಬರಿದಾಗುತ್ತ ಬಂತು. ಕಾಯಿಲೆ ಬಿದ್ದ ಮೇಲೆ ಜಬ್ಬಾರ್ ಬದುವಿನ ಮೇಲೆ ಕುಳಿತು ಗೆಳೆಯನ ಸೋಲು ನೋಡಿ ನೋಡಿ ನಗುತ್ತಿದ್ದ.

*

ಮಣ್ಣು ಮುಗಿಸಿ ಜಬ್ಬಾರನ ಮನೆಗೆ ಬಂದಾಗ ಅವನ ಮಗಳು ತಾಹಿರಾ ಕೋಲನ್ನೂ ಒಂದು ಚೆಂಡನ್ನೂ ಮಲ್ಲಪ್ಪನ ಕೈಗಿಟ್ಟಳು.

"ಇದೊಂದೇ ಉಳ್ದಿರೋದು ಮಾಮ. 'ನಾನು ಮಣ್ಣಿಗೆ ಹೋದ ದಿನಾನೇ ಮಲ್ಲ ಇದ್ನ ದಾಟಿಸ್ಲಿ, ಆಗ ನಂಗೆ ನೆಮ್ಮದಿ ನಿದ್ದೆ' ಅಂದಿದ್ರು ಅಬ್ಬಾ."

ಮಲ್ಲಪ್ಪ ಚೆಂಡನ್ನು ಅಂಗೈಯಲ್ಲಿ ಹೊರಳಿಸಿ ನೋಡಿದ. ಇದೂ ಲಂಟಾನಕ್ಕೆ ಬಿದ್ದರೆ?

ಮುನ್ನಾ ಅವನನ್ನು ಬೈಕಿನಲ್ಲಿ ಹಳ್ಳದ ತನಕ ಕರೆತಂದ. "ಸ್ನಾನ ಮಾಡಿ ಬನ್ನಿ ಅಂದ್ರೆ ಕೋಲ್ ಇಡ್ಕಂಡು ಒಂಟ್ರಲ್ಲ!" ಎಂದು ಬೈಯುತ್ತ ಮಲ್ಲಪ್ಪನ ಹೆಂಡತಿ ಗಂಗಾಂಬಿಕೆ ಹಿಂದೆಯೇ ಬಂದಳು. ಮುನ್ನಾನಿಂದ ವಿಷಯ ತಿಳಿದವಳೇ ಹುಣಸೆಮರದತ್ತ ತಿರುಗಿದಳು.

ಮಲ್ಲಪ್ಪ ಚೆಂಡಿಟ್ಟವನೇ ಕೋಲೆತ್ತಿದ. ಬದುವಿನತ್ತ ಕಣ್ಣು ಹೋಯಿತು. ಅಲ್ಲಿ ನಗುವವನು ಇರಲಿಲ್ಲ. ಕೋಲು ಇಳಿಸಿದ.

ಚೆಂಡಿನ ಹಿಂದಕ್ಕೆ ಬಂದು ಹುಣಸೆಮರ ನೋಡಿದ. ಕೋಲಿನ ಮೂತಿಯನ್ನು ಪಂಚೆಗೆ ಒರೆಸಿದ. ಬರಿಗಾಳಿಗೆ ಒಮ್ಮೆ ಬೀಸಿದ. ಉಸಿರು ಬಿಟ್ಟು "ಸಿವಾ" ಎಂದವನು, ಯಾಕೋ ಸಾಲದೆನಿಸಿ, "ನಿನ್ ಬಿಸ್ಮಿಲ್ಲಾನೂ ಕಣ್ಲಾ" ಎಂದ.

ಟಕ್!

"ಓಯ್ತಾ ಅದೆ... ಓಯ್ತಾ ಅದೆ..." ಗಂಗಾಂಬಿಕೆ ಸೆರಗು ಬಿಗಿಹಿಡಿದಳು. "ದಾಟ್ತು! ದಾಟ್ಬುಡ್ತು ಕಣ್ರೀ! ಮರದ್ ಬುಡಕ್ಕೇ!"

ಮುನ್ನಾ ಎರಡು ಬೆರಳು ಬಾಯಿಗಿಟ್ಟು ಹಳ್ಳವೆಲ್ಲ ಮೊಳಗುವಂತೆ ಶಿಳ್ಳೆ ಹೊಡೆದ. ಹುಣಸೆಮರದ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು.

"ನೋಡಿ ಅಂದ್ರೆ! ಅಲ್ಲಿ ಬೆಳ್ಳಗೆ ಕಾಣ್ತಾ ಅದೆ, ನೋಡ್ರೀ!"

ಮಲ್ಲಪ್ಪ ತಲೆ ಎತ್ತಲಿಲ್ಲ. ಕೋಲು ಹೆಗಲ ಮೇಲಿದ್ದಂತೆಯೇ, ಚೆಂಡಿದ್ದ ಜಾಗದ ಒರಗಿದ ಹುಲ್ಲನ್ನೇ ನೋಡುತ್ತ ನಿಂತಿದ್ದ.